ನಳ ಬಾರದ ಊರಿನ ಕಥಿ

ಪ್ರತಿ ಡಿಸೆಂಬರಿನಲ್ಲಿ ಬೆಟಗೇರಿ ಚರ್ಚಿನ ಫೋಟೊ ತೆಗೆದು, ‘ಸಂಭ್ರಮದ ಕ್ರಿಸ್‌ಮಸ್’ ಅಂತ ನಾಲ್ಕು ಸಾಲು ಬರೆದು ಕಳಿಸುವುದು ನಮ್ಮ ರೂಢಿ. ಹೋದ ಸಲ ಬೈಕ್ ಹತ್ತುವಾಗ ಪಿಯುಸಿ ಓದುವ ಹುಡುಗಿಯೊಬ್ಬಳು ನೋಟ್‌ಬುಕ್ ಚಾಚಿದಳು. ‘ಅಣ್ಣಾರ, ನೀವು ಪೇಪರ್‌ನವರಲ್ರೀ? ಒಂದು ಕಥಿ ಬರದೀನಿ, ಓದಿ ಹೇಳ್ರಿ.’

ಕಥೆ ನಡೆಯುವುದು 2079ರಲ್ಲಿ. ಊರಿಗೆ ತಿಂಗಳಿಗೊಮ್ಮೆ ನೀರು. ಕೈಗೆ ನಂಬರ್ ಕಟ್ಟಿಸಿಕೊಂಡವರಿಗಷ್ಟೇ ಕೊಡ. ಪ್ರಶ್ನೆ ಕೇಳಿದವರು ಊರ ಹೊರಗೆ. ಮೋಶೆ ಬಂಡೆಗೆ ಕೋಲಿನಿಂದ ಹೊಡೆದು ನೀರು ತರಿಸಿದ ಕಥೆಯನ್ನು ಅಜ್ಜಿಯಿಂದ ಕೇಳಿದ ಹದಿನಾರರ ಹುಡುಗಿ, ರಾತ್ರೋರಾತ್ರಿ ಗೆಳತಿಯರೊಂದಿಗೆ ಹೊಳೆ ಹುಡುಕಿ ಹೊರಡುತ್ತಾಳೆ.

ಮೊದಲು ನಕ್ಕೆವು. ಆಮೇಲೆ ನಗು ನಿಂತಿತು. ಹತ್ತು ದಿನಕ್ಕೊಮ್ಮೆ ನಳ ಬರುವ ಓಣಿಗಳ ಸುದ್ದಿಯನ್ನು ನಾವೇ ಎಷ್ಟು ಬೇಸಿಗೆ ಬರೆದಿಲ್ಲ? ಶಿರಹಟ್ಟಿ, ಲಕ್ಷ್ಮೇಶ್ವರಕ್ಕೆ ಹೋದರೂ ಅದೇ ಕೊಡಗಳ ಸಾಲು, ಅದೇ ಸಿಂಗಲ್ ಕಾಲಂ. ತುಂಗಭದ್ರೆ ದೂರವೇನಿಲ್ಲ, ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಬ್ಯಾರೇಜೇ ಇದೆ. ಅವಳು ಬರೆದ 2079 ನಮಗೆ ಹೊಸದೇನಲ್ಲ.

ಇಂಥ ಕಥೆಗಳೆಲ್ಲ ಇಂಗ್ಲಿಷಿನಿಂದ ಮೊಬೈಲಿಗೆ ಬಂದವು ಅಂದುಕೊಂಡಿದ್ದೆವು. ಡಿಪ್ಲೊಮಾ ಓದುವಾಗ ಬಾಸೆಲ್ ಮಿಶನ್ ಎಂದರೆ ಮೋಗ್ಲಿಂಗ್, 1843ರ ‘ಮಂಗಳೂರ ಸಮಾಚಾರ’. ಜುಲೈ 1ರ ಪತ್ರಿಕಾ ದಿನದ ಭಾಷಣಕ್ಕೆ ಅಷ್ಟು ಸಾಕಿತ್ತು. ಅದೇ ಮಿಶನ್ನಿನ ವೈಗಲ್ ಅದೇ ದಶಕದಲ್ಲಿ ಜಾನ್ ಬನ್ಯನ್‌ನ ಕೃತಿಯನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದ. ಊರು ಬೆಂಕಿಗೆ ಸುಟ್ಟುಹೋಗಲಿದೆ ಎಂದು ತಿಳಿದ ಒಬ್ಬ, ಬೆನ್ನ ಮೇಲೆ ಹೊರೆ ಹೊತ್ತು ಓಡುತ್ತಾನೆ. ಕೆಸರು, ದೈತ್ಯ, ಸೆರೆಮನೆ, ಸಂತೆ ಎಲ್ಲ ದಾಟುತ್ತಾನೆ. ಬೆಟಗೇರಿಗೂ ಮಿಶನ್ ಬಂದದ್ದು ಆ ಕಾಲಕ್ಕೇ.

ನೋಟ್‌ಬುಕ್ ಮರಳಿಸುವಾಗ ಈ ಕಥೆ ಹೇಳಿದೆವು. ಅವಳು ಕೇಳಿದ್ದು ಒಂದೇ: ‘ಹೇಣ್ತಿ ಮಕ್ಕಳನ್ನ ಬಿಟ್ಟು ಓಡಿದ್ನೇನ್ರಿ?’

‘ಹೌದವಾ. ಹೇಣ್ತಿ ಕರದ್ರೂ ಕಿವಿಯಾಗ ಬೆರಳಿಟ್ಕೊಂಡು ಓಡಿದ. ಅವರು ಹಿಂದಿಂದ ಹೊಂಟಿದ್ದನ್ನ ಬನ್ಯನ್ ಎರಡನೇ ಭಾಗದಾಗ ಬರದ, 1684ರಾಗ.’

‘ನನ್ನ ಕಥ್ಯಾಗ ಆಕಿ ಹೊಳಿ ನೋಡಿ ವಾಪಸ್ ಬರತಾಳ್ರಿ. ಇಲ್ಲಂದ್ರ ಓಣಿಯವರಿಗೆ ದಾರಿ ಯಾರು ತೋರಸ್ತಾರ?’

ನಮ್ಮ ಬ್ಯಾಚಿನವರು ಬಹುತೇಕ ಬೆಂಗಳೂರು ಸೇರಿದ್ದಾರೆ. ಸುದ್ದಿಗಿಷ್ಟು ಅಂತ ದುಡ್ಡು ಎಣಿಸುವ ನಾವೂ ಆ ವಾರ ಒಂದು ವೆಬ್‌ಸೈಟಿಗೆ ಬಯೋಡೇಟಾ ಕಳಿಸಿದ್ದೆವು. ಅವಳ ಮಾತು ಕೇಳಿ ಅದನ್ನೇನೂ ಹಿಂಪಡೆಯಲಿಲ್ಲ, ಮನೆಯಲ್ಲಿ ಖರ್ಚಿದೆ. ಆದರೆ ಆ ಸಲ ಡೆಸ್ಕಿಗೆ ಫೋಟೊದ ಜೊತೆ ‘ಸಂಭ್ರಮ’ ಕಳಿಸಲಿಲ್ಲ. ಚರ್ಚಿನ ಓಣಿಯ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮನೆ ಮನೆ ಕೇಳಿ ಬರೆದೆವು. ಫೋಟೊ ಬಂತು, ನೀರಿನ ಸುದ್ದಿ ಬರಲಿಲ್ಲ.

ಜನವರಿಯಲ್ಲಿ ಮತ್ತೆ ಕಳಿಸಿದೆವು.