ಮಗಳ ಗಿಟಾರು, ನನ್ನ ಚೀಟಿ ಹಣ

"ಅಮ್ಮಾ, ನಂಗೆ ಕಿವೀನೇ ಇಲ್ಲ ಬಿಡು. ಸುಮ್ನೆ ದುಡ್ಡು ದಂಡ" ಎಂದು ನನ್ನ ಮಗಳು ಗಿಟಾರನ್ನು ಚೀಲಕ್ಕೆ ತುಂಬಿ ಬೀರುವಿನ ಮೇಲೆ ಮಲಗಿಸಿದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಅಳಲಿಲ್ಲ. ಲೆಕ್ಕದಲ್ಲಿ ಕಡಿಮೆ ಅಂಕ ಬಂದರೆ ಒಪ್ಪಿಕೊಳ್ಳುವ ಹಾಗೆ ಒಪ್ಪಿಕೊಂಡುಬಿಟ್ಟಳು. ಹದಿನಾರು ವರ್ಷದ ಹುಡುಗಿ ತನಗೆ ಸಂಗೀತ ಬರುವುದಿಲ್ಲ ಎಂದು ಇಷ್ಟು ಸಲೀಸಾಗಿ ನಂಬಿಬಿಟ್ಟರೆ ಹೆತ್ತವಳಿಗೆ ಹೇಗಾಗಬೇಡ?

ಎಲೆಕ್ಟ್ರಿಕ್ ಗಿಟಾರ್ ಬೇಕು ಎಂದು ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು. ನಮ್ಮ ತಿಪಟೂರಿನಲ್ಲಿ ಕೊಬ್ಬರಿ ಬೇಕಾದಷ್ಟು ಸಿಗುತ್ತದೆ, ಎಲೆಕ್ಟ್ರಿಕ್ ಗಿಟಾರ್ ಎಲ್ಲಿ ಸಿಗಬೇಕು? 2023ರ ದೀಪಾವಳಿಗೆ ಫೋನಿನಲ್ಲೇ ನೋಡಿ ತರಿಸಿಕೊಂಡೆವು. ಗಿಟಾರು, ಪುಟ್ಟ ಸ್ಪೀಕರಿನಂಥ ಆಂಪ್ಲಿಫೈಯರು, ವೈರು, ಬೆಲ್ಟು, ಚೀಲ, ಮೀಟುವ ಐದು ಬಿಲ್ಲೆ, ಎಲ್ಲಾ ಸೇರಿ 6,800 ರೂಪಾಯಿ. ಇಷ್ಟೊಂದು ಸಾಮಾನು ಕೊಡುತ್ತಾರಲ್ಲ ಎಂದು ನಾನೇ ಹಿಗ್ಗಿದ್ದು. ಒಂದು ಕುಕ್ಕರಿಗೆ ಆರು ಸ್ಟೀಲ್ ಲೋಟ ಉಚಿತ ಎಂದರೆ ಕುಕ್ಕರಿನ ತಳ ಎಷ್ಟು ದಪ್ಪ ಎಂದು ನೋಡುವ ನಾನು, ಗಿಟಾರಿನ ವಿಷಯದಲ್ಲಿ ಆ ಬುದ್ಧಿಯನ್ನು ಎಲ್ಲಿಟ್ಟಿದ್ದೆನೋ!

ಬೀರುವಿನ ಮೇಲೆ ಹೋಗಿ ತಿಂಗಳಾದ ಮೇಲೆ, ಯುಗಾದಿಗೆ ಧೂಳು ಹೊಡೆಯುವಾಗ ಅದನ್ನು ಕೆಳಗಿಳಿಸಿದೆ. ನನಗೆ ಗಿಟಾರ್ ಗೊತ್ತಿಲ್ಲ. ಆದರೆ ತವರಿನಲ್ಲಿ ಅಕ್ಕ ವೀಣೆ ಕಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಗೀತೆಯವರೆಗೆ ಹಾಡು ಕಲಿತವಳು ನಾನು. ವೀಣೆಯ ತಂತಿಯನ್ನು ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಮೇಲಿನ ಷಡ್ಜ ಬರಬೇಕು, ಏಕೆಂದರೆ ಅದು ತಂತಿಯ ನಡುಮಧ್ಯ. ಗಿಟಾರಿನಲ್ಲೂ ಹಾಗೆಯೇ. ಸಾಮಾನ್ಯವಾಗಿ ಆ ಜಾಗದಲ್ಲಿ ಗುರುತಿಗೆ ಎರಡು ಚುಕ್ಕೆ ಇಟ್ಟಿರುತ್ತಾರೆ. ಮಗಳ ಫೋನಿನಲ್ಲಿ ಶ್ರುತಿ ನೋಡುವ ಆಪ್ ಇತ್ತು. ಬಿಟ್ಟ ತಂತಿಯನ್ನು ಬಿರಡೆ ತಿರುಗಿಸಿ ಸರಿಮಾಡಿದೆ, ಹಸಿರು ಬಂತು. ಚುಕ್ಕೆಯ ಹತ್ತಿರ ಒತ್ತಿ ಮೀಟಿದೆ. ಫೋನು ಆಮೇಲೆ ಹೇಳಿತು, ನನ್ನ ಕಿವಿ ಮೊದಲೇ ಹೇಳಿತ್ತು: ಅಪಸ್ವರ! ಮುಳ್ಳು ಹಸಿರನ್ನು ದಾಟಿ ಆಚೆ ಹೋಗಿ ನಿಂತಿತ್ತು. ಆರು ತಂತಿಯಲ್ಲಿ ನಾಲ್ಕರದು ಇದೇ ಕಥೆ. ಅಷ್ಟರಲ್ಲಿ ಮೊದಲು ಸರಿಮಾಡಿದ್ದ ತಂತಿಯೂ ಇಳಿದುಹೋಗಿತ್ತು.

ಸಂಜೆ ಮಗಳು ಬಂದಾಗ ತೋರಿಸಿದೆ. "ಕಿವಿ ಇಲ್ಲದೇ ಇರೋದು ನಿಂಗಲ್ಲ ಕಣೇ, ಇದಕ್ಕೆ" ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಂದ್ರೆ ನಾನು ನುಡಿಸ್ತಿದ್ದಿದ್ದು ಸರಿ ಇತ್ತಾ?" ಎಂದಳು. ಆ ಪ್ರಶ್ನೆಗಾಗಿಯೇ ಇನ್ನೊಂದು ಗಿಟಾರ್ ಕೊಡಿಸಬೇಕು ಎಂದು ಆಗಲೇ ನಿಶ್ಚಯಿಸಿದೆ.

ತುಮಕೂರಿನಲ್ಲಿ ವಾದ್ಯ ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆವು. ವೀಣೆಯಲ್ಲಾದರೆ ಮೇಣ ಕರಗಿಸಿ ಮೆಟ್ಟಿಲನ್ನು ಮತ್ತೆ ಕೂರಿಸಬಹುದು. ಗಿಟಾರಿನ ಮೆಟ್ಟಿಲು, ಅವರು ಫ್ರೆಟ್ ಅನ್ನುತ್ತಾರೆ, ಮರದಲ್ಲಿ ಬಿಗಿಯಾಗಿ ಕೂತಿರುತ್ತದೆ. ಕುದುರೆಯ ಮೇಲೆ ಒಂದೊಂದು ತಂತಿಗೂ ಒಂದೊಂದು ತಿರುಪು ಇರುವುದರಿಂದ ಹಿಂದೆ ಮುಂದೆ ಸರಿಸಿ ಸ್ವರ ಹೊಂದಿಸಬಹುದು. ಆದರೆ ನಮ್ಮದರಲ್ಲಿ ಬಿರಡೆಗಳೂ ಜಾರುತ್ತಿದ್ದವು, ತಂತಿಗಳೂ ಮೆಟ್ಟಿಲಿಂದ ವಿಪರೀತ ಎತ್ತರದಲ್ಲಿದ್ದವು. ಅಷ್ಟು ಎತ್ತರದಿಂದ ಒತ್ತಿದರೆ ತಂತಿ ಬಿಗಿದು ಸ್ವರ ಏರುತ್ತದೆ, ಬೆರಳೂ ನೋಯುತ್ತದೆ. "ರಿಪೇರಿ ಖರ್ಚು ಗಿಟಾರಿಗಿಂತ ಜಾಸ್ತಿಯಾಗುತ್ತೆ ಅಮ್ಮಾ" ಎಂದರು ಆ ಪುಣ್ಯಾತ್ಮರು.

ನನ್ನ ಚೀಟಿ ಎತ್ತಿದ ಹಣದಲ್ಲಿ 16,000 ಬೇರೆ ಇಟ್ಟೆ. ಅಡುಗೆಮನೆಗೆ ಗ್ರಾನೈಟ್ ಹಾಕಿಸಬೇಕೆಂದಿದ್ದ ಹಣ ಅದು. ನಮ್ಮವರು "ಒಂದ್ಸಲ ಕೈ ಸುಟ್ಕೊಂಡಿದ್ದು ಸಾಲ್ದಾ?" ಎಂದು ಪೇಪರಿನ ಹಿಂದಿನಿಂದಲೇ ಕೇಳಿದರು. ಅತ್ತೆಯವರದು ಬೇರೆ ತಕರಾರು. "ಹೆಣ್ಣು ಹುಡುಗಿ, ವೀಣೆ ಕಲೀಲಿ. ಇದೇನು ಕರೆಂಟಿನ ಗಲಾಟೆ?" ಆಗ ಮಗಳು ಫೋನಿನಲ್ಲಿ ಒಂದು ಹಳೆಯ ಚಿತ್ರ ತೋರಿಸಿದಳು. ಅಮೆರಿಕದ ಸಿಸ್ಟರ್ ರೊಸೆಟಾ ಥಾರ್ಪ್ ಎಂಬಾಕೆ 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣವೊಂದರಲ್ಲಿ, ಕೋಟು ತೊಟ್ಟು, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತ ಹಾಡಿದ್ದು. ಹಾಡುವುದು ಹೆಚ್ಚಾಗಿ ಚರ್ಚಿನ ದೇವರ ಪದಗಳು. ಆಕೆ 1915ರಲ್ಲಿ ಹುಟ್ಟಿದವರು, ನಮ್ಮ ಅತ್ತೆಯ ತಾಯಿಯ ಕಾಲದವರು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಭಜನೇನಾ ಇದು? ಹಾಗಾದ್ರೆ ಕಲೀಲಿ" ಎಂದುಬಿಟ್ಟರು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕೀರ್ತನೆ ನುಡಿಸಿದ್ದನ್ನು ಉದಾಹರಣೆ ಕೊಡಬೇಕೆಂದು ನಾನು ಸಿದ್ಧಳಾಗಿದ್ದೆ. ಬೇಕಾಗಲಿಲ್ಲ.

ಗಲಾಟೆಯ ಮಾತು ಬಂತಲ್ಲ, ಅದೂ ತಪ್ಪು ತಿಳಿವಳಿಕೆಯೇ. ಈ ಗಿಟಾರಿನ ಹೊಟ್ಟೆ ಪೊಳ್ಳಲ್ಲ, ಹೆಚ್ಚಿನವು ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎನ್ನುತ್ತಾರೆ. ಮೇಲೆ ಉಕ್ಕಿನ ತಂತಿ ಅದುರಿದರೆ ಇಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ, ಆಂಪ್ಲಿಫೈಯರು ಅದನ್ನು ದೊಡ್ಡದು ಮಾಡುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಕೋಣೆಗೂ ಕೇಳದು. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರಿಗೆ 'ಫ್ರೈಯಿಂಗ್ ಪ್ಯಾನ್' ಎಂದೇ ಅಡ್ಡಹೆಸರಂತೆ. ಉದ್ದ ಹಿಡಿಯ ಬಾಣಲೆಯ ಆಕಾರ, ಅಲ್ಯೂಮಿನಿಯಂನಲ್ಲೇ ಮಾಡಿದ್ದು! ಇದನ್ನು ಓದಿದ ಮೇಲೆ ನನಗೆ ಅಂಗಡಿಗೆ ಹೋಗುವ ಧೈರ್ಯ ಬಂತು.

ಒಂದು ಶನಿವಾರ ಬೆಳಗಿನ ರೈಲಿಗೆ ಅಮ್ಮ ಮಗಳು ಬೆಂಗಳೂರಿಗೆ ಹೊರಟೆವು. ಅಂಗಡಿಯ ಹುಡುಗ ಮಗಳನ್ನು ನೋಡಿದವನೇ ಗುಲಾಬಿ ಬಣ್ಣದ್ದೊಂದು ತಂದು, "ಲೇಡೀಸ್‌ಗೆ ಇದೇ ಹೋಗೋದು ಮೇಡಂ" ಎಂದ. ಸೀರೆ ಅಂಗಡಿಯಲ್ಲಿ ಮೊದಲು ಹರವಿದ್ದನ್ನು ಕೊಂಡವಳು ನಾನಲ್ಲ. ಕುರ್ಚಿ ಎಳೆದು ಕೂತೆ.

ಮೊದಲು ಗಿಟಾರಿನ ತಲೆಯ ಕಡೆಯಿಂದ, ಬಡಗಿ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ದಂಡಿಯನ್ನು ನೋಡಿದೆ. ಅತಿ ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ, ತಿರುಚಿರಬಾರದು. ಆಮೇಲೆ ನನ್ನ ಸೆರಗನ್ನು ದಂಡಿಯ ಅಂಚಿಗೆ ಉದ್ದಕ್ಕೂ ಸವರಿದೆ. ಹುಡುಗ ನಗುತ್ತಿದ್ದ. ಗುಲಾಬಿ ಗಿಟಾರಿನಲ್ಲಿ ಎರಡು ಕಡೆ ಎಳೆ ಸಿಕ್ಕಿಕೊಂಡಿತು, ನಗು ನಿಂತಿತು. ಸೆರಗಿಗೆ ಸಿಕ್ಕಿದ ಮೆಟ್ಟಿಲಂಚು ದಿನಾ ಮಗುವಿನ ಬೆರಳಿಗೂ ಸಿಕ್ಕುತ್ತದಲ್ಲವೇ? ಹನ್ನೆರಡನೆಯ ಮೆಟ್ಟಿಲಿನ ಪರೀಕ್ಷೆಯನ್ನಂತೂ ಆರು ತಂತಿಗೂ ಮಾಡಿಸಿದೆ. ಒಂದೊಂದು ಮೆಟ್ಟಿಲೂ ಒತ್ತಿ ಮೀಟಲು ಮಗಳಿಗೆ ಹೇಳಿದೆ, ಎಲ್ಲಾದರೂ ಝರ್ ಎನ್ನುತ್ತದೆಯೋ ಎಂದು. ತಂತಿಯನ್ನು ಪಕ್ಕಕ್ಕೆ ನಾಲ್ಕು ಸಲ ಎಳೆದು ಬಿಟ್ಟು, ಶ್ರುತಿ ನಿಂತಿದೆಯೇ ಎಂದು ಮತ್ತೆ ನೋಡಿದೆವು. ಗುಬುಟು ತಿರುಗಿಸಿದಾಗ ಕರಕರ ಎನ್ನಬಾರದು ಎನ್ನುವುದು ನನಗೆ ಹಳೆಯ ರೇಡಿಯೋ ಕಲಿಸಿದ ಪಾಠ.

ಫೆಂಡರ್‌ನವರ ಸ್ಕ್ವಯರ್, ಯಮಾಹಾದ ಪೆಸಿಫಿಕಾ, ಕಾರ್ಟ್, ಇಬಾನೆಜ್, ಹೀಗೆ ಕಲಿಯುವವರಿಗೆಂದೇ ಮಾಡಿದ ಹೆಸರುಗಳು ಅಲ್ಲಿದ್ದವು. ಹೊಸದು ಕೊಂಡರೆ ಆಂಪ್ಲಿಫೈಯರಿಗೆ ಹಣ ಉಳಿಯದು. ಗಿಟಾರಿಗೇ ಎಲ್ಲಾ ಸುರಿದು ಸ್ಪೀಕರು ಕಳಪೆಯಾದರೆ ಒಳ್ಳೆಯ ಬೇಳೆಗೆ ಹಳಸಿದ ಪುಡಿ ಹಾಕಿದ ಹಾಗೆ. "ಸೆಕೆಂಡ್ಸ್ ಏನಾದ್ರೂ ಇದ್ಯಾ?" ಎಂದು ಕೇಳಿದೆ. ಯಜಮಾನರು ಒಳಗಿನಿಂದ ಒಂದು ಕಪ್ಪು ಗಿಟಾರ್ ತಂದರು. ಬೆನ್ನಿಗೆ ಗೀರು ಬಿದ್ದಿತ್ತು, ಬೆಲ್ಟಿನ ಬಕ್ಕಲ್ಲಿನದಂತೆ. ಕುದುರೆ ಹಲಗೆಗೆ ಗಟ್ಟಿಯಾಗಿ ಬಿಗಿದ ಜಾತಿಯದು. ಸ್ಪ್ರಿಂಗಿನ ಮೇಲೆ ಕೂತು, ಕಡ್ಡಿ ಒತ್ತಿದರೆ ಅಲ್ಲಾಡುವ ಕುದುರೆಯೂ ಇರುತ್ತದೆ. ನೋಡಲು ಚೆಂದ, ಆದರೆ ಶ್ರುತಿ ಸೇರಿಸುವುದು ಹೊಸಬರಿಗೆ ತಲೆನೋವು. ಪಿಕಪ್ಪು ಜೋಡಿ ಸುರುಳಿಯದು. ಒಂಟಿ ಸುರುಳಿ ಮನೆಯ ಕರೆಂಟಿನ ಗುಂಯ್ ಶಬ್ದವನ್ನೂ ಹಿಡಿಯುತ್ತದೆ, ಜೋಡಿಯಾದರೆ ಒಂದರದನ್ನು ಇನ್ನೊಂದು ಕಳೆಯುತ್ತದೆ. ನಮ್ಮ ಮನೆಯ ವೈರಿಂಗಿಗೆ ಇದೇ ಸರಿ ಅನ್ನಿಸಿತು.

ಮಗಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಮೆಲ್ಲಗೆ ಏನೋ ನುಡಿಸಿದಳು, ತಿಂಗಳುಗಟ್ಟಲೆ ಆ ಹಳೆಯದರಲ್ಲಿ ಒದ್ದಾಡುತ್ತಿದ್ದಳಲ್ಲ, ಅದೇ. ಈ ಸಲ ಅದು ಹಾಡಿನ ಹಾಗೆಯೇ ಕೇಳಿತು. ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಪರ್ಸು ತೆಗೆದೆ.

ಗಿಟಾರಿಗೆ ಚೌಕಾಸಿ ಮಾಡಿ 9,500. ಹೆಡ್‌ಫೋನ್ ಸಿಕ್ಕಿಸಲು ತೂತಿರುವ ಹತ್ತು ವಾಟಿನ ಹೊಸ ಆಂಪ್ಲಿಫೈಯರಿಗೆ 4,200. ಒಳ್ಳೆಯ ವೈರಿಗೆ 400, ತೆಳುವಾದ ಹೊಸ ತಂತಿಗಳಿಗೆ 450, ಎತ್ತರ ಇಳಿಸಿ ಸ್ವರ ಹೊಂದಿಸಿಕೊಟ್ಟ ಕೂಲಿ 800. ಶ್ರುತಿಗೆ ಫೋನಿನ ಆಪ್ ಇದ್ದೇ ಇದೆ. ಚೀಲ, ಬೆಲ್ಟು, ಬಿಲ್ಲೆಗಳು ಹಳೆಯದರವೇ ಆದವು. ಉಳಿದ 650ರಲ್ಲಿ ಮಸಾಲೆ ದೋಸೆ ತಿಂದು, ಅತ್ತೆಗೆ ಒಂದು ಪೊಟ್ಟಣ ಮೈಸೂರುಪಾಕು ಕಟ್ಟಿಸಿಕೊಂಡು ಸಂಜೆಯ ರೈಲು ಹಿಡಿದೆವು.

ಗ್ರಾನೈಟ್ ಇನ್ನೂ ಹಾಕಿಸಿಲ್ಲ. ನಾನು ಮಿಕ್ಸಿ ಹಾಕಿದರೆ ಅವಳ ಸ್ಪೀಕರಿನಲ್ಲಿ ಚೂರು ಕರಕರ ಬರುತ್ತದೆ, ಕೂಗಿ ಬೈಯುತ್ತಾಳೆ. ಮೊನ್ನೆ ಅಡುಗೆಮನೆ ಬಾಗಿಲಿಗೇ ಬಂದು ನಿಂತು, "ಅಮ್ಮಾ, ನೀನು ಹೇಳ್ತಿದ್ಯಲ್ಲ ಸರಳೆ, ಒಂದ್ಸಲ ಹಾಡು" ಎಂದಳು. ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ಹಾಡಿದೆ. ಒಳಗೆ ಹೋಗಿ ಹೆಡ್‌ಫೋನ್ ಕಿತ್ತು, ಒಂದೊಂದೇ ಸ್ವರ ಹುಡುಕಿ ಹುಡುಕಿ ಮೇಲಿನ ಷಡ್ಜದವರೆಗೆ ಹೋದಳು.

"ಸರಿ ಇದ್ಯಾ?"

"ಷಡ್ಜ ಸರಿ ಇದೆ. ರಿಷಭ ಸ್ವಲ್ಪ ಅವಸರ" ಅಂದೆ.