ಹಡಗು ಹತ್ತೋಕೆ ಮುಂಚೆ ಮೂಗು ತೋರಿಸಿ!

ಕೋಲಾರದ ಕಡೆಯವರಿಗೂ ಹಡಗಿಗೂ ಏನ್ರೀ ಸಂಬಂಧ ಅಂತ ನಗಬೇಡಿ. ನಮ್ಮ ಕಡೆ ಕೆರೆ ಕೋಡಿ ಹೋದ್ರೆ ಊರಿಗೂರೇ ನೋಡೋಕೆ ಹೊರಡುತ್ತೆ, ಅದು ನಿಜ. ಮುಳಬಾಗಿಲಿಗೆ ಹತ್ತಿರದ ಸಮುದ್ರ ಅಂದ್ರೆ ಚೆನ್ನೈದು, ಅದಕ್ಕೂ ರಸ್ತೆಯಲ್ಲಿ ಇನ್ನೂರು ಕಿಲೋಮೀಟರ್ ದಾಟಬೇಕು. ಅಂಥಾ ಊರಲ್ಲಿ ಕೂತು ನಮ್ಮಮ್ಮ ಹಡಗಲ್ಲಿ ಹೋಗಬೇಕು ಅಂತ ಆಸೆ ಇಟ್ಕೊಂಡಿದ್ದಾರೆ. ವಿಮಾನ ಬೇಡ್ವಂತೆ, ಕಿಟಕಿ ತೀರಾ ಚಿಕ್ಕದಂತೆ!

2021ರ ಕೊನೆಯಲ್ಲಿ ಮುಂಬೈನಲ್ಲಿರೋ ಚಿಕ್ಕಪ್ಪ ಫೋನ್ ಮಾಡಿ, "ಅತ್ತಿಗೇ, ಜನವರಿಯಲ್ಲಿ ಗೋವಾ ಕಡೆ ಹಡಗಿದೆ, ಎಲ್ಲರೂ ಹೋಗೋಣ ಬನ್ನಿ" ಅಂದ್ರು. ಅಮ್ಮನಿಗೆ ಉಬ್ಬಸ, ಅಪ್ಪನಿಗೆ ಸಕ್ಕರೆ ಕಾಯಿಲೆ. ಇಬ್ಬರಿಗೂ ಎರಡು ಡೋಸ್ ಆಗಿತ್ತು. ಹಡಗಿನವರ ನಿಯಮಗಳನ್ನು ಓದಿ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರ್ ಇಂಜಿನಿಯರ್ ಮಗ ಅಂದ್ರೆ ಪ್ರಿಂಟರ್ ಕೆಟ್ಟರೂ, ಕರೆಂಟ್ ಬಿಲ್ ಕಟ್ಟೋದಕ್ಕೂ, ಹಡಗಿಗೂ ಅವನೇ ಅಲ್ವಾ :-)

ನಿಯಮ ನೋಡೋಕೆ ಒಂದೇ ಸಾಲು. ಹೊರಡುವ ಮುಂಚಿನ 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಇರಬೇಕು. ಆದ್ರೆ ಗಡಿಯಾರ ಯಾವಾಗ ಶುರು? ರಿಪೋರ್ಟ್ ಕೈಗೆ ಬಂದಾಗಿನಿಂದ ಅಂತ ಎಷ್ಟೋ ಜನ ಅಂದುಕೊಂಡಿದ್ರು. ಅಲ್ಲ, ಮೂಗಿಗೆ ಕಡ್ಡಿ ಹಾಕಿದ ಕ್ಷಣದಿಂದ. ವಿದೇಶದಿಂದ ಬರೋರಿಗೆ ನಮ್ಮ ಸರ್ಕಾರದ ಏರ್ ಸುವಿಧಾದಲ್ಲಿ ಇದ್ದ 72 ಗಂಟೆಯ ಲೆಕ್ಕವೂ ಪರೀಕ್ಷೆ ಮಾಡಿಸಿದ ಹೊತ್ತಿನಿಂದಲೇ ಶುರುವಾಗ್ತಿತ್ತು. ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ. 2021ರ ಡಿಸೆಂಬರ್‌ನಲ್ಲಿ ವಿಮಾನದವರಿಗೆ "ಒಂದು ದಿನ ಮುಂಚೆ" ಅಂತ ಬದಲಾಯಿಸಿದಾಗ, ಬೇಕಂತಲೇ "24 ಗಂಟೆ" ಅಂತ ಬರೀಲಿಲ್ಲ. ಶುಕ್ರವಾರ ರಾತ್ರಿ ವಿಮಾನ ಇದ್ರೆ ಗುರುವಾರ ಬೆಳಗ್ಗೆ ಯಾವಾಗ ಮಾಡಿಸಿದರೂ ನಡೆಯುತ್ತೆ. ದಿನ ಅನ್ನೋದಕ್ಕೂ ಗಂಟೆ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅನ್ನೋದು ದಿನಾಂಕದ ಕೋಡ್ ಬರೆದು ಒದ್ದಾಡಿದವರಿಗೆ ಹೇಳಬೇಕಾಗಿಲ್ಲ.

ಯೆಲ್ಲೋ ಫೀವರ್ ಲಸಿಕೆಯ ಲೆಕ್ಕ ಇದಕ್ಕೆ ತಿರುಗಾಮುರುಗಾ. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗಿಬರೋರ ಹತ್ತಿರ ಇರಬೇಕಾದ ಆ ಹಳದಿ ಪುಸ್ತಕ, ಸೂಜಿ ಚುಚ್ಚಿಸಿಕೊಂಡು 10 ದಿನ ಆದ ಮೇಲಷ್ಟೇ ಚಾಲ್ತಿಗೆ ಬರುತ್ತೆ. 2016ರ ಜುಲೈನಿಂದ ಅದು ಜೀವನಪೂರ್ತಿ ನಡೆಯುತ್ತೆ. ಅದು ಹಳೇದಾಗಿರಬೇಕು, ಇದು ಬಿಸಿಬಿಸಿ ಇರಬೇಕು. ಲಸಿಕೆ ಮುಂದಿನದಕ್ಕೆ ಭರವಸೆ ಕೊಡುತ್ತೆ, ಪರೀಕ್ಷೆ ಆ ಕ್ಷಣದ ಫೋಟೋ ಅಷ್ಟೇ.

ಸರಿ, ಲೆಕ್ಕ ಹಾಕೋಕೆ ಕೂತೆ. ಹಡಗು ಶನಿವಾರ ಸಂಜೆ 5ಕ್ಕೆ. ಅಂದ್ರೆ ಗುರುವಾರ ಸಂಜೆ 5ಕ್ಕಿಂತ ಮುಂಚೆ ಕಡ್ಡಿ ಹಾಕಿಸೋ ಹಾಗಿಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ಹೊರಟರೆ ಮುಂಬೈ ತಲುಪೋಕೆ ಸುಮಾರು 24 ಗಂಟೆ. ಶುಕ್ರವಾರದ ರೈಲು ಹತ್ತಿದರೆ ಹಡಗು ಆಗಲೇ ಹೋಗಿರುತ್ತೆ. ಗುರುವಾರದ್ದೇ ಗತಿ. ಆ ರೈಲು ಹಿಡೀಬೇಕಾದ್ರೆ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕೂವರೆಗೆ ಬಸ್ ಹತ್ತಿರಬೇಕು. ಊರಲ್ಲಿ ಮಾಡಿಸಿದರೆ ಅವಧಿ ಮೀರುತ್ತೆ, ಅದೂ ಬರೀ ಅರ್ಧ ಗಂಟೆಯಲ್ಲಿ! ಉಳಿದದ್ದು ಬೆಂಗಳೂರಲ್ಲಿ ಇಳಿದು, ಸ್ಟೇಷನ್ ಹತ್ತಿರ ಯಾವುದಾದ್ರೂ ಲ್ಯಾಬ್ ಹುಡುಕಿ, ಅಲ್ಲಿ ಸ್ಯಾಂಪಲ್ ಕೊಟ್ಟು ರೈಲು ಹತ್ತೋದು. ರಿಪೋರ್ಟ್ ಮಾರನೇ ದಿನ ಮೊಬೈಲಿಗೆ ಬರುತ್ತೆ.

ಮುಂಬೈನಲ್ಲೇ ಇರೋ ಚಿಕ್ಕಪ್ಪನಿಗೆ ಈ 48 ಗಂಟೆ ಪೂರ್ತಿ 48 ಗಂಟೆಯೇ. ಮುಳಬಾಗಿಲಿನವರಿಗೆ ದಾರಿಯೇ ಅರ್ಧಕ್ಕಿಂತ ಹೆಚ್ಚು ತಿಂದುಬಿಡುತ್ತೆ. 2021ರ ಆಗಸ್ಟ್‌ನಲ್ಲಿ ತಲಪಾಡಿಯಲ್ಲೂ ಇದೇ ತಾಪತ್ರಯ ನೋಡಿದ್ದೆವಲ್ಲ. ಕೇರಳದಿಂದ ಬರೋರಿಗೆಲ್ಲ 72 ಗಂಟೆಯೊಳಗಿನ ರಿಪೋರ್ಟ್ ಕಡ್ಡಾಯ ಅಂದಾಗ, ದಿನಬೆಳಗಾದ್ರೆ ಮಂಗಳೂರಿಗೆ ಓದೋಕೆ, ದುಡಿಯೋಕೆ ಬರೋ ಕಾಸರಗೋಡಿನವರ ಪಾಡು ಏನಾಗಬೇಕು? ನಮ್ಮೂರೂ ಗಡಿಯದ್ದೇ. ಮೂಡಲ ಬಾಗಿಲು ಮುಳಬಾಗಿಲಾಯ್ತು ಅಂತಾರೆ. ನಂಗಲಿ ದಾಟಿದರೆ ಆಂಧ್ರ. ಬಾಗಿಲಲ್ಲಿ ನಿಲ್ಲಿಸಿ ಕಾಗದ ಕೇಳೋದು ನಮಗೇನೂ ಹೊಸದಲ್ಲ.

ಇಷ್ಟನ್ನೂ ಅಪ್ಪನಿಗೆ ವಿವರಿಸಿದೆ. ಅವರು ಸುಮ್ಮನೆ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದ್ರು.

"ಅಲ್ಲಪ್ಪಾ, ಸೊಲ್ಲಾಪುರದ ಹತ್ರ ಪಾಸಿಟಿವ್ ಅಂತ ಮೆಸೇಜ್ ಬಂದ್ರೆ? ಅಲ್ಲೇ ಇಳ್ಕೊಳ್ಳೋದಾ? ನಮ್ಮ ಬೋಗೀಲಿ ಎಪ್ಪತ್ತು ಜನ ಇರ್ತಾರಲ್ಲ, ಅವರಿಗೆ ಏನು ಹೇಳೋದು?"

ನಾನು ಓದಿದ ಯಾವ ನಿಯಮದಲ್ಲೂ ಆ ಎಪ್ಪತ್ತು ಜನ ಇರಲಿಲ್ಲ. ನಿಯಮ ಹಡಗಿನದು. ಅದರ ಕಣ್ಣು ಇರೋದು ಏಣಿಯ ಬುಡದಲ್ಲಿ.

ಹಡಗಿನವರದ್ದೂ ಸುಮ್ಮನೆ ಹಟ ಅಲ್ಲ ಬಿಡಿ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ನೆನಪಿರಬೇಕು. ಒಟ್ಟು 3711 ಜನ, 700ಕ್ಕೂ ಹೆಚ್ಚು ಮಂದಿಗೆ ಸೋಂಕು. ಅದರಲ್ಲಿದ್ದ ಭಾರತೀಯರು 138, ಹೆಚ್ಚಿನವರು ಸಿಬ್ಬಂದಿ. ಪ್ರಯಾಣಿಕರು ರೂಮಿನಲ್ಲಿ ಬಾಗಿಲು ಹಾಕಿ ಕೂತಿದ್ದಾಗ ಅವರಿಗೆ ಊಟ ಒಯ್ದು ಕೊಡ್ತಿದ್ದದ್ದು ಸಿಬ್ಬಂದಿ. ಒಂದೇ ಸೂರು, ಒಂದೇ ಊಟದ ಹಾಲ್, ನಡುವೆ ಇಳಿದು ಹೋಗೋಕೆ ಸ್ಟಾಪೂ ಇಲ್ಲ. ಒಬ್ಬರು ಸೋಂಕು ತಂದರೆ ಸಾಕು.

ಆದ್ರೆ ಪರೀಕ್ಷೆ ಮಾಡಿಸಿದ್ರೆ ಸೋಂಕು ಇಲ್ಲ ಅಂತಲೂ ಅಲ್ಲ. ಸಾಫ್ಟ್‌ವೇರ್ ಪರೀಕ್ಷೆಯಿಂದ ದೋಷ ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸೋಕಾಗಲ್ಲ ಅಂತ ಡೈಕ್‌ಸ್ಟ್ರಾ ಹೇಳಿದ್ದು ಇಲ್ಲಿಗೂ ಸರಿಯಾಗಿ ಹೊಂದುತ್ತೆ. ನಿನ್ನೆ ಅಂಟಿದ ವೈರಸ್ ಇವತ್ತಿನ ಕಡ್ಡಿಗೆ ಸಿಗದೇ ಹೋಗಬಹುದು. ಎರಡು ದಿನ ಬಿಟ್ಟು ಅದೇ ಮನುಷ್ಯ ಊಟದ ಸಾಲಿನಲ್ಲಿ ಕೆಮ್ಮುತ್ತಿರಬಹುದು. ನಿಯಮದಿಂದ ಹತ್ತು ಜನ ಸೋಂಕಿತರು ಹತ್ತೋ ಕಡೆ ಇಬ್ಬರೋ ಮೂವರೋ ಹತ್ತಬಹುದು, ಸೊನ್ನೆ ಅಂತೂ ಆಗಲ್ಲ. ಗಂಟೆ ಕಡಿಮೆ ಮಾಡಿದಷ್ಟೂ ಫೋಟೋ ತಾಜಾ, ಜೊತೆಗೆ ದೂರದ ಊರಿನವರು ಅಷ್ಟೂ ಹೊರಗೆ.

ನಾವು ಇನ್ನೂ ಮೀನಮೇಷ ಎಣಿಸ್ತಿರುವಾಗಲೇ 2022ರ ಜನವರಿ ಮೊದಲ ವಾರದಲ್ಲಿ ಸುದ್ದಿ ಬಂತು. ಮುಂಬೈನಿಂದ ಗೋವಾಕ್ಕೆ ಹೋಗಿದ್ದ ಕಾರ್ಡೀಲಿಯಾ ಹಡಗಿನಲ್ಲಿ ಸಿಬ್ಬಂದಿಯೊಬ್ಬರಿಗೆ ಸೋಂಕು ಅಂತ ತಿಳಿದು, ಸುಮಾರು 2000 ಜನರನ್ನ ಪರೀಕ್ಷೆ ಮಾಡಿದಾಗ 66 ಪಾಸಿಟಿವ್. ಹಡಗು ಮುಂಬೈಗೆ ವಾಪಸ್. ಅಮ್ಮ ಟಿವಿ ನೋಡಿ ಏನೂ ಮಾತಾಡಲಿಲ್ಲ. ಚಿಕ್ಕಪ್ಪನಿಗೆ ತಾವೇ ಫೋನ್ ಮಾಡಿ, "ಈ ಸಲ ಬೇಡ ಕಣಪ್ಪಾ" ಅಂದ್ರು.

ಆಮೇಲೆ ನಿಯಮಗಳು ಒಂದೊಂದಾಗಿ ಉದುರಿಹೋದವು. ಅಮೆರಿಕದ ಸಿಡಿಸಿ ಹಡಗುಗಳ ಕೋವಿಡ್ ಕಾರ್ಯಕ್ರಮವನ್ನು 2022ರ ಜುಲೈ 18ಕ್ಕೆ ಮುಗಿಸಿತು, ನಮ್ಮ ಏರ್ ಸುವಿಧಾ ಅದೇ ವರ್ಷದ ನವೆಂಬರ್ 22ಕ್ಕೆ. ಆದ್ರೆ ಹಡಗಿನ ಹಳೇ ಪದ್ಧತಿ ಎಲ್ಲೂ ಹೋಗಿಲ್ಲ. ಬಂದರಿಗೆ ಬರೋ ಹಡಗಿನ ಕ್ಯಾಪ್ಟನ್ ಈಗಲೂ ತನ್ನವರ ಆರೋಗ್ಯದ ಬಗ್ಗೆ ಘೋಷಣಾ ಪತ್ರ ಕೊಡಬೇಕಾಗಬಹುದು. ಹಡಗಿಗೆ ಹಳದಿ ಬಾವುಟ ಏರಿಸಿದರೆ ಅದರ ಅರ್ಥ, "ನನ್ನ ಹಡಗಿನಲ್ಲಿ ರೋಗ ಇಲ್ಲ, ಒಳಗೆ ಬಿಟ್ಟುಕೊಳ್ಳಿ" ಅಂತ. ನಾನು ಹಳದಿ ಅಂದ್ರೆ ಅಪಾಯ ಅಂದ್ಕೊಂಡು ಓದ್ತಿದ್ದೆ, ನೋಡಿದ್ರೆ ಉಲ್ಟಾ! ಪ್ರಯಾಣಿಕರಿಗೂ ಅದರದ್ದೇ ಮರಿ ರೂಪ ಒಂದು ಪ್ರಶ್ನಾವಳಿ. ಜ್ವರ ಇದೆಯಾ, ವಾಂತಿ ಭೇದಿ ಆಗಿದೆಯಾ, ಕೆಮ್ಮು ಇದೆಯಾ.

ಈ ಸಲ ಚೆನ್ನೈನಿಂದ ಹೊರಡೋ ಹಡಗಿಗೆ ಅಮ್ಮ ಮತ್ತೆ ಆಸೆ ಕಟ್ಟಿದ್ದಾರೆ. ಹೋದ ಭಾನುವಾರ ಅಂಥದೊಂದು ಫಾರಂ ಇಟ್ಕೊಂಡು ಕೂತ್ವಿ. ಕಡ್ಡಿ ಇಲ್ಲ, ಲ್ಯಾಬ್ ಇಲ್ಲ, ಗಡಿಯಾರ ಇಲ್ಲ. ಎಲ್ಲ ನಮ್ಮ ಬಾಯಿಮಾತಿನ ಮೇಲೆ. ನಂಗೇನೋ ಇದೇ ಹೆಚ್ಚು ಕಷ್ಟ ಅನ್ನಿಸ್ತು. ಹೌದು ಅಂದ್ರೆ ಹತ್ತಿಸದೇ ಇರಬಹುದು ಅಂತ ಗೊತ್ತಿದ್ದೂ ಹೌದು ಅನ್ನೋರು ಎಷ್ಟು ಜನ? ಅಮ್ಮನಿಗೆ ಉಬ್ಬಸದ ಕೆಮ್ಮು ಚಳಿಗಾಲ ಪೂರ್ತಿ ಇರುತ್ತೆ.

"ಇಲ್ಲ ಅಂತ ಹಾಕೋ, ಅದೇನು ಅಂಟೋ ಕೆಮ್ಮಾ?" ಅಂದ್ರು ಅಪ್ಪ.

"ರೀ, ಅವತ್ತು ರೈಲಿನ ಎಪ್ಪತ್ತು ಜನಕ್ಕೆ ಏನು ಹೇಳೋದು ಅಂತ ಕೇಳಿದ್ದು ನೀವೇ ತಾನೆ?" ಅಂದ್ರು ಅಮ್ಮ. ನನ್ನ ಕಡೆ ತಿರುಗಿ, "ಇದೆ ಅಂತಲೇ ಹಾಕಪ್ಪಾ. ಡಾಕ್ಟರ್ ಹತ್ರ ಉಬ್ಬಸದ್ದು ಅಂತ ಚೀಟಿ ಬರೆಸ್ಕೊಂಡು ಬರ್ತೀನಿ. ಆಮೇಲೂ ಬೇಡ ಅಂದ್ರೆ, ದಡದಲ್ಲಿ ನಿಂತು ನೋಡ್ಕೊಂಡು ಬರೋಣ."

ಚೀಟಿ ಬಂದಿದೆ. ಟಿಕೆಟ್ ಇನ್ನೂ ಆಗಿಲ್ಲ.