ಮಗರಪಟ್ಟಾದಿಂದ ಮಂಗಳೂರಿನ ಕಾರ್ಮೆಲ್ ಮಠಕ್ಕೆ

ಪುಣೆಯ ಹಡಪಸರದ ಮಗ್ಗುಲಲ್ಲಿರುವ ಮಗರಪಟ್ಟಾ ಒಂದು ಕಾಲಕ್ಕೆ ಕಬ್ಬು ಬೆಳೆಯುವ ಹೊಲವಾಗಿತ್ತು. ಅಲ್ಲಿನ ರೈತರು ನೆಲವನ್ನು ಮಾರಿ ಕೈತೊಳೆದುಕೊಳ್ಳದೆ, ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಊರು ಕಟ್ಟಿಸಿದರು. ಹೊಟ್ಟೆಪಾಡಿಗೆ ಬಂದ ನಮ್ಮಂಥವರಿಗೆ ಅಂಥ ನೆಲದ ನಂಟೆಲ್ಲಿ? ಬಾಡಿಗೆಯ ಕರಾರು 11 ತಿಂಗಳದು. ನೌಕರಿ ಬದಲಾದರೆ ಊರೂ ಬದಲು. ಹೀಗೆ ಬಾಳುವ ನಮಗೆ, ಒಂದೇ ರುಜುವಿನಲ್ಲಿ ಬಾಳನ್ನೆಲ್ಲ ಒಪ್ಪಿಸಿಬಿಡುವ ಹೆಣ್ಣುಮಕ್ಕಳ ಸಂಗತಿ ಸೋಜಿಗವೆನಿಸಿದರೆ ಆಶ್ಚರ್ಯವಿಲ್ಲ. ರಜೆಗೆ ಕೊಂಕಣ ರೈಲು ಹಿಡಿದು ಮಂಗಳೂರಿಗೆ ಹೋಗುವ ವಾಚಕರು, ಅಂಥವರ ಮಠವೊಂದು ಅಲ್ಲಿದೆಯೆಂಬುದನ್ನು ನೆನಪಿನಲ್ಲಿಡಬೇಕು.

ಸಂತ ಆಗ್ನೆಸ್ ಕಾಲೇಜು ನಡೆಸುವ ಕಾರ್ಮೆಲ್ ಸಿಸ್ಟರುಗಳನ್ನು ಮಂಗಳೂರಿನಲ್ಲಿ ಯಾರು ತಾನೆ ಅರಿಯರು? ಇವರು ಬೇರೆ. ಪಾಠಶಾಲೆ, ಆಸ್ಪತ್ರೆ ಎಂದು ಹೊರಗೆ ಓಡಾಡುವವರಲ್ಲ. ಪ್ರಾರ್ಥನೆ, ಮೌನ, ಮಠದ ಕೆಲಸ, ಇಷ್ಟರಲ್ಲೇ ಇವರ ದಿನ ಕಳೆಯುತ್ತದೆ. ಆಜೀವ ವ್ರತವೂ ಅವಸರದ್ದಲ್ಲ. ವ್ಯಾಟಿಕನ್ 2018ರಲ್ಲಿ ಹೊರಡಿಸಿದ ನಿಯಮದಂತೆ, ಅದಕ್ಕೆ ಮೊದಲು ಕಡಮೆಯೆಂದರೆ 9 ವರ್ಷಗಳ ಪರೀಕ್ಷೆ ನಡೆಯಬೇಕು. (ನಮ್ಮಲ್ಲಿ ಮದುವೆಗೆ ಒಂಬತ್ತು ದಿನವೂ ಯೋಚಿಸದವರುಂಟು!) ವ್ರತದ ದಿನ ಆಕೆ ನೆಲದ ಮೇಲೆ ಬೋರಲಾಗಿ ಮಲಗುತ್ತಾಳೆ, ಉಳಿದವರು ಸಂತರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಬಳಿಕ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಪ್ರತಿಜ್ಞೆಯನ್ನು ಓದಿ, ಬಲಿಪೀಠದ ಮೇಲೆ ರುಜು ಹಾಕುತ್ತಾಳೆ.

ಈ ಮಠದ ಮೊದಲ ದಿನಗಳಲ್ಲಿ ಹೀಗೆ ವ್ರತ ತೊಟ್ಟವಳೊಬ್ಬಳು ಪರದೇಶದ ಅನಾಥೆ. ಹೆಸರು ಮರಿಯಂ ಬವಾರ್ದಿ. 1846ರಲ್ಲಿ ಗಲಿಲೇಯ ಸೀಮೆಯ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅರಬ್ ಹುಡುಗಿ. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಮಾರ್ಸೇಲ್ಸ್ ಎಂದು ಊರೂರಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದವಳು. 1867ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದಳು. ಮಂಗಳೂರಿನಲ್ಲಿ ಮಠ ಕಟ್ಟಲು 1870ರಲ್ಲಿ ಹಡಗು ಹತ್ತಿದ ತಂಡದಲ್ಲಿ ಆಕೆಯೂ ಇದ್ದಳು. ಊರು ಮುಟ್ಟುವ ಮುನ್ನವೇ ಜೊತೆಯ ಮೂವರು ತೀರಿಕೊಂಡರು.

1871ರ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲಿ ವ್ರತ ತೊಟ್ಟಳು. ಆದರೆ ಆಕೆಗೆ ಆಗುತ್ತಿದ್ದ ವಿಚಿತ್ರ ಅನುಭವಗಳು, ಪರವಶತೆ, ಹಿರಿಯರಿಗೆ ಅರ್ಥವಾಗಲಿಲ್ಲ; ಅನುಮಾನ ಬೆಳೆಯಿತು. ಮರು ವರ್ಷವೇ ಆಕೆಯನ್ನು ಪೋ ಪಟ್ಟಣಕ್ಕೆ ಹಿಂದಕ್ಕೆ ಕಳಿಸಿಬಿಟ್ಟರು. ವಿಧೇಯತೆಯ ಮಾತು ಕೊಟ್ಟ ಮನೆಯೇ ಹೊರಗೆ ಕಳಿಸಿದರೆ ಮಾತಿನ ಗತಿಯೇನು? ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಮರಿಯಂ ಮಠ ಬಿಡಲಿಲ್ಲ. ವ್ರತವನ್ನು ಕೊಟ್ಟದ್ದು ಮಂಗಳೂರಿನ ಗೋಡೆಗಳಿಗಲ್ಲವಲ್ಲ.

1875ರಲ್ಲಿ ಬೆತ್ಲೆಹೇಮಿನಲ್ಲಿ ಹೊಸ ಮಠ ಕಟ್ಟಲು ಹೊರಟವರೊಂದಿಗೆ ತಾನೂ ಹೋದಳು. ಕೂಲಿಯಾಳುಗಳ ಭಾಷೆ ಬಲ್ಲವಳು ಆಕೆಯೇ ಆದ್ದರಿಂದ ಕಟ್ಟಡದ ಉಸ್ತುವಾರಿ ಆಕೆಯ ಪಾಲಿಗೆ ಬಂತು. ಅವರಿಗೆ ನೀರು ಒಯ್ಯುತ್ತ ಬಿದ್ದು ತೋಳು ಮುರಿದುಕೊಂಡಳು. ಗಾಯ ಕೊಳೆತು, 1878ರ ಆಗಸ್ಟ್ 26ರಂದು ತೀರಿಕೊಂಡಳು. ವಯಸ್ಸು 32. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಸಾರಿದರು.